ರೂಪಾಯಿ ಬಿತ್ತು, ಪೆಟ್ಟು ಸಾಹೇಬರಿಗಾಯಿತು

ರೂಪಾಯಿ ಬಿತ್ತು ಅಂತ ಪೇಪರಿನಲ್ಲಿ ಓದಿದಾಗಲೆಲ್ಲ ನನಗೆ 1893ರ ಬಿಳಿ ಸಾಹೇಬರು ನೆನಪಾಗುತ್ತಾರೆ. ಪಾಪ, ಎಷ್ಟು ನೊಂದರು! ರೂಪಾಯಿ ಬಿದ್ದರೆ ನಮಗೆ ಅಡುಗೆ ಎಣ್ಣೆ ತುಟ್ಟಿಯಾಗುತ್ತದೆ. ಗೊಣಗುತ್ತೇವೆ, ಎಣ್ಣೆ ಕಡಿಮೆ ಹಾಕಿ ಒಗ್ಗರಣೆ ಮಾಡುತ್ತೇವೆ, ಸುಮ್ಮನಾಗುತ್ತೇವೆ. ಅವರು ಗೊಣಗಿದರೆ ಭತ್ಯೆ ಬರುತ್ತಿತ್ತು.

ಆಗ ರೂಪಾಯಿ ಅಂದರೆ ಬೆಳ್ಳಿ, ಪೌಂಡ್ ಅಂದರೆ ಚಿನ್ನ. ಒಂದು ಪೌಂಡಿಗೆ 20 ಶಿಲಿಂಗ್, ಒಂದು ಶಿಲಿಂಗಿಗೆ 12 ಪೆನ್ನಿ. 1870ರ ಸುಮಾರಿಗೆ ಒಂದು ರೂಪಾಯಿಗೆ ಹೆಚ್ಚುಕಡಿಮೆ ಎರಡು ಶಿಲಿಂಗ್ ಸಿಗುತ್ತಿತ್ತು. ಆಮೇಲೆ ಜರ್ಮನಿ ಬೆಳ್ಳಿಯನ್ನು ಬಿಟ್ಟು ಚಿನ್ನ ಹಿಡಿಯಿತು, ಅಮೆರಿಕದ ಗಣಿಗಳಿಂದ ಬೆಳ್ಳಿ ರಾಶಿ ರಾಶಿ ಬಂತು. 1893ರ ಹೊತ್ತಿಗೆ ರೂಪಾಯಿ 1 ಶಿಲಿಂಗ್ 2 ಪೆನ್ನಿಯ ಆಸುಪಾಸಿಗೆ ಇಳಿದಿತ್ತು. ಸಾಹೇಬರ ಸಂಬಳ ರೂಪಾಯಿಯಲ್ಲಿ, ವಿಲಾಯಿತಿಯಲ್ಲಿ ಓದುವ ಮಕ್ಕಳ ಫೀಸು ಪೌಂಡಿನಲ್ಲಿ. ಕಷ್ಟವೇನೋ ನಿಜ. ಆದರೆ ಆ ಕಷ್ಟಕ್ಕೆ ಸಿಕ್ಕಿದ ಮದ್ದು ನೋಡಿ.

ಅಲ್ಲಿವರೆಗೆ ಯಾರು ಬೇಕಾದರೂ ಬೆಳ್ಳಿ ಕೊಟ್ಟು ಟಂಕಸಾಲೆಯಲ್ಲಿ ರೂಪಾಯಿ ಹೊಡೆಸಿಕೊಳ್ಳಬಹುದಿತ್ತು. ಆ ವರ್ಷ ಜೂನ್‌ನಲ್ಲಿ ಸರಕಾರ ಟಂಕಸಾಲೆಯ ಬಾಗಿಲನ್ನು ಜನರ ಬೆಳ್ಳಿಗೆ ಮುಚ್ಚಿತು. ಅದರ ಬೆನ್ನಿಗೇ ತನ್ನ ನೌಕರರಿಗೆ ಖಜಾನೆಯ ಬಾಗಿಲು ತೆರೆಯಿತು. ಹೊಸ ಭತ್ಯೆಯ ಹೆಸರು ಎಕ್ಸ್‌ಚೇಂಜ್ ಕಾಂಪೆನ್ಸೇಶನ್ ಅಲೋವೆನ್ಸ್. ನಮ್ಮ ಬಾಯಿಗೆ ಹತ್ತುವ ಹಾಗೆ ಹೇಳುವುದಾದರೆ, ಸಾಹೇಬರ ತುಟ್ಟಿಭತ್ಯೆ. ನಿಯಮ ಹೀಗಿತ್ತು: ಸಂಬಳದ ಅರ್ಧಕ್ಕೆ, ವರ್ಷಕ್ಕೆ 1000 ಪೌಂಡ್ ದಾಟದಂತೆ, ರೂಪಾಯಿಯ ಬೆಲೆ 1 ಶಿಲಿಂಗ್ 6 ಪೆನ್ನಿ ಅಂತ ಲೆಕ್ಕ ಹಿಡಿಯಬೇಕು. ಪೇಟೆಯ ದರ ಅದಕ್ಕಿಂತ ಎಷ್ಟು ಕಡಿಮೆ ಇದೆಯೋ ಅಷ್ಟನ್ನು ಸರಕಾರ ತುಂಬಿಕೊಡುತ್ತದೆ. ಅಂದರೆ ದೇಶದಲ್ಲಿ ಎರಡು ರೂಪಾಯಿ ಇದ್ದವು. ಒಂದು ಸಂತೆಯದು, ಇನ್ನೊಂದು ಸಾಹೇಬರದು.

ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಒಂದಿದೆ. ಊರಿಗೆ ದುಡ್ಡು ಕಳಿಸಿದ ರಸೀದಿ ತೋರಿಸು ಅಂತ ಯಾರೂ ಕೇಳುತ್ತಿರಲಿಲ್ಲ. ವಿಲಾಯಿತಿಗೆ ಒಂದು ಕಾಸೂ ಕಳಿಸದೆ ಇಲ್ಲೇ ಕುದುರೆ ರೇಸಿಗೆ ಹಾಕಿದರೂ ವಿನಿಮಯದ ನಷ್ಟ ನಷ್ಟವೇ. ಈಗಿನ ಕಾಲದಲ್ಲಿ ಸಾವಿರ ರೂಪಾಯಿಯ ಆಸ್ಪತ್ರೆ ಬಿಲ್ಲಿಗೆ ಮೂರು ಪ್ರತಿ, ಎರಡು ಸಹಿ, ಒಂದು ಸೀಲು ಕೇಳುವವರು ಸ್ವಲ್ಪ ಕಲಿಯಬೇಕು.

ಹಾಗಂತ ಎಲ್ಲರಿಗೂ ಸಿಗುತ್ತಿರಲಿಲ್ಲ. ಇಂಡಿಯಾ ತನ್ನ ಖಾಯಂ ಊರಲ್ಲ ಎನ್ನುವ ಯುರೋಪಿಯನ್ನರಿಗೆ ಮತ್ತು ಯುರೇಷಿಯನ್ನರಿಗೆ (ಯುರೋಪಿಯನ್, ಭಾರತೀಯ ಮಿಶ್ರ ಮೂಲದವರಿಗೆ) ಮಾತ್ರ. ಬ್ರಿಟಿಷರ ಕಾಲದ ದೊಡ್ಡ ಅಧಿಕಾರಿಗಳ ಪರೀಕ್ಷೆ ಐಸಿಎಸ್ ಪಾಸಾದ ಮೊದಲ ಭಾರತೀಯ ಸತ್ಯೇಂದ್ರನಾಥ ಠಾಕೂರರು ನಮ್ಮ ಕಾರವಾರದಲ್ಲಿ ಜಡ್ಜ್ ಆಗಿದ್ದವರು. ಲಂಡನ್ನಿಗೇ ಹೋಗಿ ಅದೇ ಪರೀಕ್ಷೆ ಬರೆದವರು. ಅಂಥವರಿಗೂ ಈ ನಿಯಮದಲ್ಲಿ ಜಾಗವಿಲ್ಲ. ಇದೇ ದೇಶದಲ್ಲಿ ಹುಟ್ಟಿದ ತಪ್ಪಿಗೆ ಅವರ ರೂಪಾಯಿ ಬೀಳುವಂತಿಲ್ಲ, ಬಿದ್ದರೂ ಪೆಟ್ಟಾಗುವಂತಿಲ್ಲ.

ಸ್ವಲ್ಪ ಲೆಕ್ಕ ಮಾಡೋಣ. ಸಾಹೇಬರ ಸಂಬಳ ತಿಂಗಳಿಗೆ 2000 ರೂಪಾಯಿ, ಪೇಟೆಯ ದರ 1 ಶಿಲಿಂಗ್ 2 ಪೆನ್ನಿ ಅಂತಿಟ್ಟುಕೊಳ್ಳಿ. ಅರ್ಧ ಅಂದರೆ 1000 ರೂಪಾಯಿ. ಭತ್ಯೆ ಸುಮಾರು 285 ರೂಪಾಯಿ. ಆಗ ಉಪ್ಪಿನ ತೆರಿಗೆ ಮಣಕ್ಕೆ (ಸುಮಾರು 37 ಕೆಜಿಗೆ) ಎರಡೂವರೆ ರೂಪಾಯಿ, 1888ರಲ್ಲಿ ಏರಿಸಿದ್ದು. ಒಬ್ಬ ಸಾಹೇಬರ ಒಂದು ತಿಂಗಳ ನೋವು ಮಾಯಬೇಕಾದರೆ 114 ಮಣ ಉಪ್ಪಿನ ತೆರಿಗೆ ಬೇಕು. ಈಗಿನ ಲೆಕ್ಕದಲ್ಲಿ ನಾಲ್ಕು ಟನ್ನಿಗೂ ಜಾಸ್ತಿ ಉಪ್ಪು. ಒಬ್ಬ ಮನುಷ್ಯ ವರ್ಷಕ್ಕೆ ಐದು ಕೆಜಿ ತಿಂದರೆ, ಎಂಟುನೂರು ಜನ ವರ್ಷವಿಡೀ ಅಂಬಲಿಗೆ ಉಪ್ಪು ಹಾಕಿಕೊಳ್ಳಬೇಕು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಅಂತಾರೆ. ಇಲ್ಲಿ ಉಪ್ಪು ತಿಂದವನು ಬೇರೆ, ಸೋಡಾ ಕುಡಿದವನು ಬೇರೆ.

ಇದು ನಮ್ಮ ತಲೆಗೆ ಕಟ್ಟಿದ ಮೊದಲ ಬಿಲ್ಲೇನೂ ಅಲ್ಲ ಬಿಡಿ. ಚೀನಾ, ಪರ್ಷಿಯಾಗಳಲ್ಲಿ ಬ್ರಿಟನ್ ಇಟ್ಟುಕೊಂಡಿದ್ದ ರಾಯಭಾರಿ, ಕಾನ್ಸಲ್ ಕಚೇರಿಗಳ ಖರ್ಚಿನ ಒಂದು ಪಾಲೂ ನಮ್ಮ ಖಾತೆಗೆ ಬೀಳುತ್ತಿತ್ತು. ಬಳ್ಳಾರಿಯ ಕುರುಬನಿಗೆ ಪರ್ಷಿಯಾದಲ್ಲಿ ಏನು ಕೆಲಸವಿತ್ತೋ ಗೊತ್ತಿಲ್ಲ. ಆದರೂ ಅಲ್ಲಿ ಅವನಿಗೊಬ್ಬ ಕಾನ್ಸಲ್ ಇದ್ದ, ಅವನ ಖರ್ಚಿನಲ್ಲಿ. ನಮ್ಮ ದೇಶದ ಆಡಳಿತ ನೋಡಿಕೊಳ್ಳುತ್ತಿದ್ದ ಲಂಡನ್ನಿನ ಇಂಡಿಯಾ ಆಫೀಸಿನ ನೆಲ ಒರೆಸುವ ಹೆಂಗಸಿನ ಕೂಲಿಯೂ ನಮ್ಮದೇ. 1867ರಲ್ಲಿ ಟರ್ಕಿಯ ಸುಲ್ತಾನ ಅಬ್ದುಲ್ ಅಜೀಜ್ ಲಂಡನ್ನಿಗೆ ಬಂದಾಗ ಇಂಡಿಯಾ ಆಫೀಸಿನಲ್ಲಿ ಭಾರಿ ನಾಚ್ ಪಾರ್ಟಿ ಆಯಿತು. ಒಡಿಶಾದಲ್ಲಿ ಘೋರ ಬರ ಬಂದು ವರ್ಷವಾಗಿತ್ತಷ್ಟೆ. ಕುಣಿದವರು ಅವರು, ಬಿಲ್ಲು ನಮಗೆ. ಮದುವೆ ಯಾರದ್ದೋ, ಬೀಗರೂಟ ಮಾತ್ರ ನಮ್ಮ ಮನೆಯ ಅಕ್ಕಿಯದು.

ಭತ್ಯೆ ಬೇಡ ಅಂತ ಕಾಂಗ್ರೆಸ್ ಠರಾವು ಮಾಡಿತು. 1895ರಲ್ಲಿ ಇಂಡಿಯಾದ ಖರ್ಚುವೆಚ್ಚ ಪರಿಶೀಲಿಸಲು ವೆಲ್ಬಿ ಆಯೋಗ ಕೂತಿತು. ದಾದಾಭಾಯಿ ನವರೋಜಿ ಅದರೊಳಗೇ ಇದ್ದರು. 1897ರಲ್ಲಿ ಕಾಂಗ್ರೆಸ್ಸಿನ ಗೋಖಲೆ, ವಾಚಾ ಲಂಡನ್ನಿಗೆ ಹೋಗಿ ಸಾಕ್ಷಿ ಹೇಳಿದರು. ಇಲ್ಲಿ ಆಗ ಬರ, ಮುಂಬೈಯಲ್ಲಿ ಪ್ಲೇಗ್. 1900ರಲ್ಲಿ ವರದಿ ಬಂತು. ಆಯೋಗದ ವರದಿ ಅಂದ ಮೇಲೆ ಏನಾಗುತ್ತದೆ ಅಂತ ನಮಗೆ ಹೇಳಿಕೊಡಬೇಕಾಗಿಲ್ಲ, ಅಲ್ವಾ?

ಅಷ್ಟರಲ್ಲಿ ರೂಪಾಯಿ ಚೇತರಿಸಿಕೊಂಡು 1 ಶಿಲಿಂಗ್ 4 ಪೆನ್ನಿಗೆ ಗಟ್ಟಿಯಾಗಿ ನಿಂತಿತು. ಇನ್ನಾದರೂ ಭತ್ಯೆ ನಿಂತಿತು ಅಂದುಕೊಂಡಿರಾ? ಆರಕ್ಕೂ ನಾಲ್ಕಕ್ಕೂ ಇನ್ನೂ ಎರಡು ಪೆನ್ನಿ ವ್ಯತ್ಯಾಸ ಇತ್ತಲ್ಲ! ಅದು ಸಂಬಳದ ಶೇಕಡಾ ಆರೂಕಾಲು ಆಗಿ ಆಮೇಲೂ ಬರುತ್ತಲೇ ಇತ್ತು. ಬೀಳುತ್ತಿದ್ದ ರೂಪಾಯಿಗೆ ಅಂತ ಕೊಟ್ಟ ಊರುಗೋಲು, ರೂಪಾಯಿ ಎದ್ದು ನಿಂತ ಮೇಲೂ ಸಾಹೇಬರ ಕೈಯಲ್ಲೇ ಉಳಿಯಿತು.

ಈ ಭತ್ಯೆಯ ಸುದ್ದಿ ಧಾರವಾಡದ ಕಡೆಯ ಯಾವನೋ ಒಬ್ಬ ಜೋಳದ ರೈತನ ಕಿವಿಗೆ ಬಿದ್ದಿದ್ದರೆ? ಅವನು ತಾಲೂಕಿನ ಕಂದಾಯ ಅಧಿಕಾರಿಯಾದ ಮಾಮಲೇದಾರರಿಗೆ ಬರೆಸುವ ಅರ್ಜಿ ನನ್ನ ಕಣ್ಣಿಗೆ ಕಟ್ಟುತ್ತದೆ.

‘ರಾವಸಾಹೇಬರ ಸನ್ನಿಧಾನಕ್ಕೆ ಬಡವನ ವಿನಂತಿ. ನನ್ನ ಸಂಬಳ ಜೋಳದಲ್ಲಿ ಬರುತ್ತದೆ. ಸರಕಾರಕ್ಕೆ ಕಟ್ಟುವ ಕಂದಾಯ ರೂಪಾಯಿಯಲ್ಲಿ ಹೋಗುತ್ತದೆ. ಈ ವರ್ಷ ಮಳೆ ಚೆನ್ನಾಗಿ ಆಗಿ ಜೋಳದ ದರ ಬಿದ್ದಿದೆ. ಹೋದ ವರ್ಷ ಮಳೆ ಇಲ್ಲದೆ ದರ ಏರಿತ್ತು, ಆದರೆ ನನ್ನ ಹತ್ತಿರ ಜೋಳ ಇರಲಿಲ್ಲ. ಹೀಗೆ ನನಗೆ ಎರಡೂ ಕಡೆಯಿಂದ ವಿನಿಮಯದ ನಷ್ಟವಾಗಿದೆ. ಆದ್ದರಿಂದ ನನ್ನ ಬೆಳೆಯ ಅರ್ಧಕ್ಕೆ ನಮ್ಮಜ್ಜನ ಕಾಲದ ಒಳ್ಳೆಯ ದರ ಹಿಡಿದು, ಕಡಿಮೆ ಬಿದ್ದದ್ದನ್ನು ತುಂಬಿಕೊಡಬೇಕು. ಖಾಯಂ ವಾಸಿಗಳಿಗೆ ಭತ್ಯೆ ಇಲ್ಲ ಎಂದು ಕೇಳಿದೆ. ನನ್ನ ಹೊಲ, ಮನೆ ಎರಡೂ ಸಾಹುಕಾರನ ಹತ್ತಿರ ಅಡಮಾನವಾಗಿವೆ. ಹಾಗಾಗಿ ನಾನು ಈ ಊರಿನ ಖಾಯಂ ವಾಸಿ ಅಲ್ಲ ಎಂದು ತಿಳಿಯಬೇಕು.’

ಎಂಟು ದಿನದಲ್ಲಿ ಅರ್ಜಿ ವಾಪಸ್ ಬಂತು. ಸ್ಟಾಂಪ್ ಹಚ್ಚಿರಲಿಲ್ಲ.