ಪೆಟ್ಟಿಗೆ ಬೇಡ, ಹಲಗೆ ಸಾಕು

ಹೋದ ತಿಂಗಳು ನಮ್ಮ ಓಣಿಯಲ್ಲಿ ಒಂದು ಗೃಹಪ್ರವೇಶ. ರಾತ್ರಿ ವಚನ ಹಚ್ಚಿದ್ದರು. ಮೂರು ಮನೆ ಆಚೆ ಇರುವ ನಮ್ಮ ಕಿಟಕಿ ಗಾಜು ಗಡಗಡ ಅನ್ನುತ್ತಿತ್ತು. ತಬಲಾದ ಎಡಗೈ ಪೆಟ್ಟು ಎದೆಗೇ ಬಡಿಯುತ್ತಿತ್ತು. ಆದರೆ ಹಾಡುವವರು ಏನು ಹಾಡುತ್ತಿದ್ದಾರೆ ಅಂತ ಒಂದು ಶಬ್ದವೂ ತಿಳಿಯಲಿಲ್ಲ. ಅವರ ಅಂಗಳಕ್ಕೇ ಹೋಗಿ ಕೂತರೂ ಅಷ್ಟೇ. ಕೆಳಗೆ ಎರಡು ದೊಡ್ಡ ಸಬ್‌ವೂಫರ್, ಅದರ ಮೇಲೆ ಇನ್ನೆರಡು ಪೆಟ್ಟಿಗೆ. ವಚನದಲ್ಲಿ ಮಾತೇ ಕೇಳದಿದ್ದರೆ ಇನ್ನೇನು ಉಳಿಯಿತು?

ಸಿದ್ಧರಾಮ ಜಂಬಲದಿನ್ನಿಯವರು ವಚನ ಹಾಡಿದ ಜಿಲ್ಲೆ ಇದು. ರಾಯಚೂರಿನ ರಂಗಮಂದಿರಕ್ಕೆ ಅವರದೇ ಹೆಸರು. ನಮ್ಮ ಕಡೆ ಊರೂರಿಗೂ ಭಜನಾ ಮಂಡಳಿ. ಏಕತಾರಿ, ದಮ್ಮಡಿ, ತಾಳ, ಒಂದು ಹಾರ್ಮೋನಿಯಂ ಪೇಟಿ ಇದ್ದರೆ ತತ್ವಪದ ಬೆಳತನಕ ನಡೆಯುತ್ತದೆ. ನಮ್ಮ ಸಂಗೀತದಲ್ಲಿ ದನಿಯೇ ಮೊದಲು, ದನಿಯೊಳಗಿನ ಮಾತೇ ಮುಖ್ಯ. ಅದನ್ನು ಕೇಳೋಕೆ ಅಂತ ನಾವು ದುಡ್ಡು ಕೊಟ್ಟು ತರುತ್ತಿರುವ ಸಾಮಾನು ಮಾತ್ರ ಆ ದನಿಯನ್ನೇ ನುಂಗುತ್ತಿದೆ. ಬಹಳ ದಿನದಿಂದ ಇದನ್ನು ಬರೆಯಬೇಕು ಅಂದುಕೊಂಡಿದ್ದೆ. ಇವತ್ತು ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಗುತ್ತದೆ.

ನಮ್ಮ ಮನೆಯಲ್ಲಿ ಈಗ ಸ್ಪೀಕರ್ ಪೆಟ್ಟಿಗೆ ಇಲ್ಲ. ಎರಡು ಹಲಗೆ ಇವೆ. ನಾಲ್ಕು ಅಡಿ ಎತ್ತರ, ಎರಡು ಅಡಿ ಅಗಲ. ಒಂದೊಂದರಲ್ಲೂ ಒಂದು ತೂತು, ತೂತಿನಲ್ಲಿ ಎಂಟು ಇಂಚಿನ ಒಂದು ಫುಲ್‌ರೇಂಜ್ ಸ್ಪೀಕರ್. ಹಿಂದೆ ಹೋಗಿ ನೋಡಿದರೆ ಮ್ಯಾಗ್ನೆಟ್ಟು, ವೈರು ಎಲ್ಲಾ ಕಾಣುತ್ತದೆ. ಏನೂ ಮುಚ್ಚಿಲ್ಲ. ಇದಕ್ಕೆ ಓಪನ್ ಬ್ಯಾಫಲ್ ಅಂತಾರೆ. ಕೀಚು ಸದ್ದಿಗೆ ಟ್ವೀಟರ್ ಬೇರೆ, ದಪ್ಪ ಸದ್ದಿಗೆ ವೂಫರ್ ಬೇರೆ ಅಂತ ಇಲ್ಲ, ಅವೆರಡಕ್ಕೂ ಸದ್ದು ಹಂಚಿಕೊಡುವ ಕ್ರಾಸೋವರ್ ನಡುವೆ ಇಲ್ಲ. ಆಂಪ್ಲಿಫೈಯರ್‌ನ ವೈರು ನೇರ ಸ್ಪೀಕರಿಗೆ. ಇಡೀ ದನಿ ಸ್ಪೀಕರಿನ ಒಂದೇ ಕಾಗದದ ಕೋನ್‌ನಿಂದ ಬರುತ್ತದೆ.

ಇದು ಹೇಗೆ ಕೆಲಸ ಮಾಡುತ್ತದೆ ಅನ್ನೋದು ನನಗೆ ಮನದಟ್ಟಾಗಿದ್ದು ಒಂದು ರಟ್ಟಿನಿಂದ. ಹೋದ ಬೇಸಿಗೆಯಲ್ಲಿ ಕೂಲರ್ ತಂದಿದ್ದೆವು. ಅದರ ಖಾಲಿ ಡಬ್ಬಿ ಬಿಚ್ಚಿ ಹರವಿ, ಒಂದು ತೂತು ಕೊಯ್ದೆ. ಮೊದಲು ಸ್ಪೀಕರನ್ನು ಬರಿಗೈಯಲ್ಲಿ ಹಿಡಿದು ಹಾಡು ಹಚ್ಚಿದೆ. ಟ್ರಾನ್ಸಿಸ್ಟರ್‌ನಲ್ಲಿ ಸೆಲ್ಲು ಮುಗಿಯುವಾಗ ಬರುತ್ತದಲ್ಲ, ಅಂಥ ತೆಳ್ಳನೆ ಸದ್ದು. ಕೋನ್ ಮಾತ್ರ ಹಿಂದೆ ಮುಂದೆ ಆಡುತ್ತಿದೆ, ಬೆರಳಿಗೆ ಗಾಳಿ ತಾಗುತ್ತಿದೆ, ಕಿವಿಗೆ ದನಿ ಇಲ್ಲ. ಹಾಡು ನಡೆಯುತ್ತಿರುವಾಗಲೇ ಅದನ್ನು ರಟ್ಟಿನ ತೂತಿನ ಕಡೆ ಮೆಲ್ಲಗೆ ತಂದೆ. ಒಂದೊಂದೇ ಇಂಚು ಹತ್ತಿರ ಬಂದಂತೆ ದನಿ ತುಂಬಿಕೊಳ್ಳುತ್ತಾ ಬಂತು. ಪೂರ್ತಿ ಕೂತಾಗ ಹಾಡುವವರಿಗೆ ಎದೆ ಬಂತು. ಮತ್ತೆ ತೆಗೆದರೆ ತೆಳ್ಳಗೆ, ಮತ್ತೆ ಇಟ್ಟರೆ ತುಂಬು ದನಿ. ಮಗಳು ಕೈಯಿಂದ ಕಸಿದುಕೊಂಡು ಹತ್ತು ಸಲ ತೆಗೆದಿಟ್ಟು ಕೇಳಿದಳು.

ಕೋನ್ ಮುಂದೆ ಬಂದಾಗ ಎದುರಿನ ಗಾಳಿಯನ್ನು ಒತ್ತುತ್ತದೆ. ಅದೇ ಹೊತ್ತಿಗೆ ಬೆನ್ನ ಹಿಂದಿನ ಗಾಳಿಯನ್ನು ಎಳೆಯುತ್ತದೆ. ಮುಂದಿನದು ಕೂಡುವ ಲೆಕ್ಕ, ಹಿಂದಿನದು ಕಳೆಯುವ ಲೆಕ್ಕ. ನಡುವೆ ಅಡ್ಡ ಇಲ್ಲದಿದ್ದರೆ ಎರಡೂ ಅಂಚು ಸುತ್ತಿ ಬಂದು ಒಂದನ್ನೊಂದು ಅಳಿಸಿಬಿಡುತ್ತವೆ. ಚಿಕ್ಕ ಅಲೆಯ ಕೀಚು ಸದ್ದಿಗೆ ಇದು ಅಷ್ಟು ತಟ್ಟುವುದಿಲ್ಲ. ದಪ್ಪ ಸದ್ದಿನ ಅಲೆ ಉದ್ದ. 100 ಹರ್ಟ್ಜ್, ಅಂದರೆ ಸೆಕೆಂಡಿಗೆ ನೂರು ಸಲ ಅದುರುವ ಸದ್ದಿನ ಅಲೆ ಸುಮಾರು 3.4 ಮೀಟರ್, ಹನ್ನೊಂದು ಅಡಿ. ಅದು ಅಳಿದೇ ಹೋಗುತ್ತದೆ. ಹಿಂದಿನ ಸದ್ದು ಮುಂದಕ್ಕೆ ಬರುವ ದಾರಿಯನ್ನು ದೂರ ಮಾಡುವುದಷ್ಟೇ ಹಲಗೆಯ ಕೆಲಸ.

ಹಾಗಾದರೆ ಹಿಂದಿನ ಸದ್ದನ್ನು ಪೆಟ್ಟಿಗೆಯಲ್ಲಿ ಹಾಕಿ ಮುಚ್ಚಿದರೆ ಆಯ್ತಲ್ವಾ ಅಂತ ಕೇಳಬಹುದು. ಹಾಗೇ ಮಾಡುತ್ತಾರೆ. ಆದರೆ ಒಳಗೆ ಹೋದ ಸದ್ದು ಸುಮ್ನೆ ಕೂರುವುದಿಲ್ಲ. ಒಳಗೋಡೆಗೆ ಬಡಿದು ವಾಪಸ್ ಬರುತ್ತದೆ. ಕೋನ್ ಅಂದರೆ ತೆಳು ಕಾಗದ, ಅದನ್ನು ದಾಟಿ ಒಂದು ಕ್ಷಣ ತಡವಾಗಿ ಹೊರಗೆ ಬೀಳುತ್ತದೆ. ಪೆಟ್ಟಿಗೆಯ ಮಗ್ಗುಲೂ ಅದುರಿ ತನ್ನದೊಂದು ಸದ್ದು ಸೇರಿಸುತ್ತದೆ. ದಪ್ಪ ಗೋಡೆ ಕೊಟ್ಟು, ಒಳಗೆ ಅಡ್ಡಪಟ್ಟಿ ಹೊಡೆದು, ಹತ್ತಿ ತುಂಬಿ ಚೆನ್ನಾಗಿ ಮಾಡಿದ ಪೆಟ್ಟಿಗೆಗಳು ಇವೆ, ಅವು ಬಹಳ ಒಳ್ಳೆಯವೂ ಹೌದು. ಅದಕ್ಕೆ ಕೊಡಬೇಕಾದ ದುಡ್ಡೂ ಹಾಗೇ ಇರುತ್ತದೆ. ನಾವು ಹಬ್ಬದ ಆಫರ್‌ನಲ್ಲಿ ತರುವ ತೆಳು ಹೊಟ್ಟಿನ ಹಲಗೆಯ ಹೋಂ ಥಿಯೇಟರ್ ಪೆಟ್ಟಿಗೆಯಲ್ಲಿ ದನಿ ಮೂಗಿನಲ್ಲಿ ಮಾತಾಡಿದಂತೆ ಬರುತ್ತದೆ. ಕೊಡದೊಳಗೆ ಮುಖ ಇಟ್ಟು ಮಾತಾಡಿ ನೋಡಿ, ಗೊತ್ತಾಗುತ್ತದೆ.

ಇದು ಹೊಸ ಶೋಕಿ ಏನಲ್ಲ. ಇವತ್ತಿನ ಕೋನ್ ಸ್ಪೀಕರಿಗೆ ದಾರಿ ಹಾಕಿದವರು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್. 1925ರ ಅವರ ಪ್ರಬಂಧದಲ್ಲೇ ಕೋನ್‌ಗೆ ಹಲಗೆ ಕಟ್ಟುವ ಮಾತು ಇದೆ. ಗಾಳಿ ಆಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಯಲ್ಲೂ ದಪ್ಪ ಸದ್ದು ತೆಗೆಯಬಹುದು ಅಂತ ಎಡ್ಗರ್ ವಿಲ್ಚರ್ ತೋರಿಸಿದ್ದು 1954ರಲ್ಲಿ. ನಮ್ಮ ಅಜ್ಜನ ಮನೆಯ ವಾಲ್ವ್ ರೇಡಿಯೋ ನೆನಪಿದೆಯಾ? ಮರದ ಮೈ, ಮುಂದೆ ಬಟ್ಟೆ, ಹಿಂದೆ ತೂತು ತೂತಿನ ರಟ್ಟು. ವಾಲ್ವ್ ಕಾಯುತ್ತವೆ, ಗಾಳಿ ಆಡಬೇಕು ಅಂತ ಆ ತೂತು. ಹಾಗಾಗಿ ಅದರ ಸ್ಪೀಕರಿನ ಬೆನ್ನು ತೆರೆದೇ ಇರುತ್ತಿತ್ತು. ಧಾರವಾಡ ಆಕಾಶವಾಣಿಯಿಂದ ಬರುತ್ತಿದ್ದ ಹಾಡನ್ನು ನಮ್ಮ ಹಿರಿಯರು ಕೇಳಿದ್ದು ಓಪನ್ ಬ್ಯಾಫಲ್‌ನಲ್ಲೇ. ಆ ರೇಡಿಯೋ ದನಿ ಈಗ ಎಲ್ಲಿ ಅಂತ ದೊಡ್ಡವರು ಹೇಳುವುದು ಬರೀ ಹಳೆಯ ಕಾಲದ ಮೋಹ ಅಲ್ಲ.

ಇನ್ನೊಂದು ವಿಷಯ. ಡಿಜೆ ಇಟ್ಟುಕೊಂಡ ಹುಡುಗರಿಗೆ ಲಿಂಕ್‌ವಿಟ್ಜ್ ರೈಲಿ ಅನ್ನುವ ಹೆಸರು ಗೊತ್ತಿರುತ್ತದೆ, ಅವರ ಕ್ರಾಸೋವರ್‌ನಲ್ಲಿ ಆ ಸೆಟ್ಟಿಂಗ್ ಇರುತ್ತದೆ. ಆ ಎಂಜಿನಿಯರ್ ಸೀಗ್‌ಫ್ರೀಡ್ ಲಿಂಕ್‌ವಿಟ್ಜ್ 1976ರಲ್ಲಿ ಆ ಕ್ರಾಸೋವರ್ ಫಿಲ್ಟರ್ ಕೊಟ್ಟವರು. ಅದೇ ಮನುಷ್ಯ ಆಮೇಲೆ ವರ್ಷಗಟ್ಟಲೆ ಕೂತು ಮಾಡಿದ್ದು ಬೆನ್ನು ತೆರೆದ ಸ್ಪೀಕರುಗಳನ್ನು. ನನಗೆ ಇದು ದೊಡ್ಡ ಧೈರ್ಯ ಕೊಟ್ಟ ಸಂಗತಿ.

ಈಗ ಮಾಡುವವರಿಗೆ ಕೆಲವು ಮಾತು. ಡ್ರೈವರ್, ಅಂದರೆ ಹಲಗೆಗೆ ಕೂರಿಸುವ ಬರೀ ಸ್ಪೀಕರ್, ಆರಿಸುವಲ್ಲಿ ನಾನು ಒಂದು ಸಲ ದುಡ್ಡು ಕಳೆದುಕೊಂಡೆ. ಮ್ಯಾಗ್ನೆಟ್ ದೊಡ್ಡದಿದ್ದಷ್ಟೂ ಒಳ್ಳೇದು ಅಂತ ಅಂಗಡಿಯವರು ಹೇಳಿದರು, ತಂದೆ. ಹಲಗೆಗೆ ಕೂರಿಸಿದರೆ ದನಿಯಲ್ಲಿ ಜೀವವೇ ಇಲ್ಲ, ಬರೀ ಮೇಲಿನ ಸದ್ದು. ಆಮೇಲೆ ಅದರ ಚೀಟಿ ಓದಿದೆ. ಕ್ಯುಟಿಎಸ್ (Qts) ಅಂತ ಒಂದು ಅಂಕಿ ಇರುತ್ತದೆ. ಮ್ಯಾಗ್ನೆಟ್ಟು ಕೋನ್‌ನ ಆಟವನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ಅನ್ನೋದು ಅದರಲ್ಲಿ ತಿಳಿಯುತ್ತದೆ, ಅಂಕಿ ಚಿಕ್ಕದಿದ್ದಷ್ಟೂ ಹಿಡಿತ ಬಿಗಿ. ನಾನು ತಂದಿದ್ದರಲ್ಲಿ 0.3ಕ್ಕಿಂತ ಕಡಿಮೆ ಇತ್ತು. ಅಂಥವು ಕಹಳೆ ಬಾಯಿಯ ಹಾರ್ನ್ ಪೆಟ್ಟಿಗೆಗೆ ಸರಿ. ತೆರೆದ ಹಲಗೆಗೆ 0.7ರ ಆಸುಪಾಸು ಅಥವಾ ಅದಕ್ಕಿಂತ ಮೇಲೆ ಬೇಕು. ಹಲಗೆಯಲ್ಲಿ ಕಳೆದುಹೋಗುವ ದಪ್ಪ ಸದ್ದನ್ನು ಸಡಿಲ ಹಿಡಿತದ ಕೋನ್ ಅಲ್ಲೇ ಸ್ವಲ್ಪ ಎತ್ತಿ ಕೊಡುತ್ತದೆ. ಹಳೆಯ ರೇಡಿಯೋದಿಂದ ಬಿಚ್ಚಿದ, ಚಿಕ್ಕ ಮ್ಯಾಗ್ನೆಟ್ಟಿನ ಎಂಟು ಇಂಚಿನದು ಎಷ್ಟೋ ಸಲ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಕೋನ್ ಹರಿದಿದ್ದರೆ ಡಿಜೆ ಸ್ಪೀಕರಿಗೆ ಕಾಯಿಲ್ ಹಾಕುವವರ ಹತ್ತಿರ ಒಯ್ಯಿರಿ, ಆದರೆ ಭಾರದ ಕೋನ್ ಹಾಕಿಸಬೇಡಿ. ನಡುವೆ ಇನ್ನೊಂದು ಪುಟ್ಟ ಕೋನ್ ಇರುವಂಥದ್ದು ಸಿಕ್ಕರೆ ಒಳ್ಳೇದು, ಮೇಲಿನ ಸ್ವರಗಳು ಅದರಿಂದಲೇ ಬರುತ್ತವೆ.

ಮರ 19 ಎಂ.ಎಂ. ಪ್ಲೈವುಡ್. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಅಗ್ಗ, ಆದರೆ ನೀರು ತಾಗಿದರೆ ಉಬ್ಬುತ್ತದೆ. ಎಂಟು ನಾಲ್ಕರ ಒಂದು ಹಾಳೆಯಲ್ಲಿ ಅರ್ಧ ಸಾಕು, ಎರಡೂ ಹಲಗೆ ಬರುತ್ತವೆ. ನಮ್ಮ ಬಡಿಗೇರ ಕಾಕಾ ಗೆರೆ ಎಳೆಯುವಾಗ ಕೇಳಿದರು, "ತೂತು ನಟ್ಟನಡುಕ ಬ್ಯಾಡೇನ್ರೀ?" "ಬ್ಯಾಡ ಕಾಕಾ, ತೂತಿನ ನಡುವಿಂದ ಒಂದು ಕಡಿ ಒಂಬತ್ತು ಇಂಚು, ಇನ್ನೊಂದು ಕಡಿ ಹದಿನೈದು ಬಿಡ್ರಿ" ಅಂದೆ. ನಡುವೆ ಇಟ್ಟರೆ ಎಡ ಬಲ ಎರಡೂ ಅಂಚು ಒಂದೇ ದೂರ ಆಗುತ್ತವೆ, ಅಳಿಸುವ ಕೆಲಸವೆಲ್ಲ ಒಂದೇ ಸ್ವರದ ಮೇಲೆ ಬೀಳುತ್ತದೆ. ದೂರ ಬೇರೆ ಬೇರೆ ಇದ್ದರೆ ಅದು ಹಂಚಿಹೋಗುತ್ತದೆ. ತೂತನ್ನು ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿ ಇಟ್ಟೆವು. ನಮ್ಮ ಮನೆಯಲ್ಲಿ ಎಲ್ಲರೂ ಚಾಪೆ ಮೇಲೆ ಕೂತು ಕೇಳುವವರು, ಕಿವಿ ಅಲ್ಲಿಗೇ ಬರುತ್ತದೆ. ಸೋಫಾದವರು ಅರ್ಧ ಅಡಿ ಏರಿಸಿಕೊಳ್ಳಿ.

ಜಿಗ್‌ಸಾ ಮಷಿನ್‌ನಲ್ಲಿ ತೂತು ತೆಗೆದಾದ ಮೇಲೆ ಕಾಕಾ ಹಲಗೆ ಬೋರಲು ಹಾಕಿದರು. ಹಿಂಬದಿಯ ಅಂಚನ್ನು ಅರ್ಧಗುಂಡಿನ ಅರದಿಂದ ಓರೆಯಾಗಿ ತೀಡಬೇಕು ಅಂತ ಮೊದಲೇ ಹೇಳಿದ್ದೆ. ಹಾಗೇ ಬಿಟ್ಟರೆ 19 ಎಂ.ಎಂ. ದಪ್ಪವೇ ಒಂದು ಗಿಡ್ಡ ಕೊಳವೆ ಆಗಿ, ಕೋನ್‌ನ ಬೆನ್ನಿನ ಗಾಳಿಗೆ ದಾರಿ ಇಕ್ಕಟ್ಟಾಗುತ್ತದೆ. ಅವರು ಒಂದು ಸುತ್ತು ತೀಡುವುದು, ಪುಡಿ ಊದುವುದು, ಹೆಬ್ಬೆರಳು ಆಡಿಸಿ ನೋಡುವುದು. ಪ್ಲೈವುಡ್ಡಿನ ಪದರ ಒಂದೊಂದೇ ಬಣ್ಣ ಬಿಟ್ಟುಕೊಂಡು ಬಳೆಯ ಹಾಗೆ ಕಂಡವು. ಎಲ್ಲಾ ಮುಗಿದ ಮೇಲೆ ಕೇಳಿದರು, "ಹಿಂದಿನ ಹಲಗಿ ಯಾವಾಗ ಕೊಡ್ತೀರಿ?" ಹಾಡು ಹಚ್ಚಿ ಕೇಳಿಸಿದ ಮೇಲೆ ಆ ಪ್ರಶ್ನೆ ಮತ್ತೆ ಬರಲಿಲ್ಲ.

ಕಾಲಿಗೆ ಭಾರ ಬೇಕು, ಇಲ್ಲದಿದ್ದರೆ ಹಲಗೆ ಬೀಳುತ್ತದೆ. ನಾನು ಪರ್ಸಿ ಕಲ್ಲಿನ ತುಂಡು ಹಾಕಿದ್ದೇನೆ, ನಮ್ಮ ಕಡೆ ಅದಕ್ಕೇನು ಬರ? ಆಂಪ್ಲಿಫೈಯರ್ ದೊಡ್ಡದು ಬೇಡ. ಇಂಥ ಸ್ಪೀಕರುಗಳಲ್ಲಿ ಬಹಳಷ್ಟು 1 ವ್ಯಾಟ್‌ಗೆ 90 ಡೆಸಿಬಲ್‌ಗಿಂತ ಮೇಲೆ ಕೊಡುತ್ತವೆ. ಐದು ವ್ಯಾಟ್ ಮನೆಗೆ ಧಾರಾಳ. 12 ವೋಲ್ಟಿನ ಟಿಡಿಎ 7297 ಆಂಪ್ಲಿಫೈಯರ್ ಬೋರ್ಡು ಹಾಕಿಕೊಂಡಿದ್ದೇನೆ. ಕರೆಂಟ್ ಹೋದರೆ ಬ್ಯಾಟರಿ ಮೇಲೆ ನಡೆಯುತ್ತದೆ.

ಇಡುವ ಜಾಗದ ಬಗ್ಗೆ ಮಾತ್ರ ಹಟ ಹಿಡಿಯಬೇಕು. ಗೋಡೆಗೆ ಒರಗಿಸಿದರೆ ಎಲ್ಲಾ ಕೆಟ್ಟಿತು. ಹಿಂದಿನ ಸದ್ದು ಗೋಡೆಗೆ ತಾಗಿ ತಕ್ಷಣ ವಾಪಸ್ ಬಂದು ದನಿಯನ್ನು ಕಲಕುತ್ತದೆ. ಕನಿಷ್ಠ ಮೂರು ಅಡಿ ಬಿಡಿ. ನಮ್ಮದು ಕಲ್ಲಿನ ನೆಲ, ಬರಿ ಗೋಡೆ, ಚಪ್ಪಾಳೆ ತಟ್ಟಿದರೆ ಗಂಯ್ ಅನ್ನುವ ಕೋಣೆ. ಅವ್ವ ಹೊಲಿದ ಎರಡು ಕೌದಿಗಳನ್ನು ಹಲಗೆಯ ಹಿಂದಿನ ಗೋಡೆಗೆ ತೂಗುಹಾಕಿದೆ. ಹಳೆ ಸೀರೆಯ ಏಳೆಂಟು ಪದರದ ಆ ಕೌದಿ ಮಾಡಿದ ಕೆಲಸವನ್ನು ಯಾವ ದುಬಾರಿ ಫೋಮೂ ಮಾಡಲಾರದು ಅನ್ನಿಸಿತು. ಮಗ್ಗುಲ ಗೋಡೆಗಳ ಚಿಂತೆ ಕಡಿಮೆ. ಹಲಗೆಯ ಪಕ್ಕಕ್ಕೆ ಹೋಗಿ ಅಂಚಿಗೆ ನೇರ ನಿಂತರೆ ಸದ್ದು ಬಿದ್ದುಹೋಗುತ್ತದೆ, ಮುಂದಿನದೂ ಹಿಂದಿನದೂ ಅಲ್ಲಿ ಸರಿಸಮ ಆಗಿ ಅಳಿಯುತ್ತವೆ. ಸಣ್ಣ ಕೋಣೆಯವರಿಗೆ ಇದು ವರವೇ ಸರಿ. ದನಿ ಚುಚ್ಚಿದಂತೆ ಅನ್ನಿಸಿದರೆ ಹಲಗೆಯನ್ನು ಸ್ವಲ್ಪ ತಿರುಗಿಸಿ, ನೇರ ಕಿವಿಗೆ ಗುರಿ ಇಡಬೇಡಿ.

ಇದರಲ್ಲಿ ಆಗದ್ದು ಏನು ಅಂತಲೂ ಹೇಳಬೇಕು. ಎರಡು ಅಡಿ ಅಗಲದ ಹಲಗೆಯಲ್ಲಿ ಸುಮಾರು 280 ಹರ್ಟ್ಜ್‌ನಿಂದ ಕೆಳಗೆ ಸದ್ದು ಇಳಿಯುತ್ತಾ ಹೋಗುತ್ತದೆ, ಹರ್ಟ್ಜ್ ಅರ್ಧ ಆದಾಗಲೆಲ್ಲ 6 ಡೆಸಿಬಲ್. ನೆಲದ ಆಸರೆ, ಕೋನ್‌ನ ಸಡಿಲ ಹಿಡಿತ ಸೇರಿ ನಮ್ಮ ಕೋಣೆಯಲ್ಲಿ 80ರ ತನಕ ನಿಲ್ಲುತ್ತದೆ. ಗಂಡಸರ ದನಿಗೆ, ಪೇಟಿಗೆ, ಕೊಳಲಿಗೆ ಅದು ಸಾಕು. ಈಗಿನ ಸಿನಿಮಾ ಹಾಡಿನ ಡ್ರಮ್ಮಿಗೆ ಸಾಲದು. ಬೇಕೇ ಬೇಕು ಅನ್ನುವವರು ಅದೇ ಹಲಗೆಯ ಕೆಳಗೆ 15 ಇಂಚಿನ ವೂಫರ್ ಕೂರಿಸಿ, 150 ರಿಂದ 200 ಹರ್ಟ್ಜ್ ಕೆಳಗಿನದನ್ನು ಅದಕ್ಕೆ ಕೊಡಬಹುದು. ವಾಲ್ಯೂಮ್ ಜಾಸ್ತಿ ಮಾಡಬೇಡಿ. ಪೆಟ್ಟಿಗೆಯಲ್ಲಿ ಕೂಡಿದ ಗಾಳಿ ಸ್ಪ್ರಿಂಗ್ ಇದ್ದಂತೆ, ಕೋನ್‌ನ್ನು ತಡೆಯುತ್ತದೆ. ಇಲ್ಲಿ ಆ ತಡೆ ಇಲ್ಲ, ಕೋನ್ ಮಿತಿ ಮೀರಿ ಆಡಿ ಕಾಯಿಲ್ ಹೋಗುತ್ತದೆ.

ನಾನು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಸೀಜನ್ನಿನಲ್ಲಿ ದಿನವಿಡೀ ಮಷಿನ್ ಸದ್ದು. ಸಂಜೆ ಮನೆಗೆ ಬಂದಾಗ ನನಗೆ ಬೇಕಾಗಿರುವುದು ಒಂದು ದನಿ. ಅದು ಈಗ ಸಿಗುತ್ತಿದೆ. ಅವ್ವನ ತವರೂರಿನ ಭಜನೆಯನ್ನು ಯಾರೋ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದ್ದರು. ಹಳೆಯ ಪೆಟ್ಟಿಗೆಯಲ್ಲಿ ಅದು ಬರೀ ಗದ್ದಲ. ಹಲಗೆಯಲ್ಲಿ ಹಚ್ಚಿದ ದಿನ ಅವ್ವ ಅಕ್ಕಿ ಹಸನು ಮಾಡುತ್ತಾ ಕೂತಿದ್ದಳು. ಮೊರದ ಮೇಲಿನ ಕೈ ನಿಂತಿತು. "ಆರು ಮಂದಿ ಅದಾರ. ಮೊದಲಿಗೆ ಎತ್ತಿಕೊಂಡಾವ ನಿಮ್ಮ ಸಣ್ಣಮಾವ. ತಾಳ ಹಾಕಾವ ಒಂದೀಟು ಹಿಂದ ಬೀಳಾಕತ್ಯಾನ" ಅಂದಳು. ಮಾವನಿಗೆ ಫೋನ್ ಹಚ್ಚಿ ಕೇಳಿದೆ. ಆರೇ ಮಂದಿ. ತಾಳ ಹಾಕಿದವನು ಹೊಸ ಹುಡುಗ, ಅವತ್ತೇ ಮೊದಲು ಕೂತಿದ್ದನಂತೆ.

ಅರ್ಧ ಹಾಳೆ ಪ್ಲೈವುಡ್ ಇನ್ನೂ ನಮ್ಮ ಅಟ್ಟದ ಮೇಲಿದೆ. ಎರಡು ಹಲಗೆ ಆಗುತ್ತದೆ. ರಾಯಚೂರು, ಮಾನ್ವಿ, ಸಿಂಧನೂರು ಕಡೆಯವರು ಯಾರಾದರೂ ಮಾಡುವ ಮನಸ್ಸಿದ್ದರೆ ಇನ್‌ಬಾಕ್ಸಿಗೆ ಬನ್ನಿ. ಡ್ರೈವರ್ ಕೊಳ್ಳುವ ಮೊದಲು ಅದರ ಚೀಟಿಯ ಫೋಟೋ ಕಳಿಸಿ, ಕ್ಯುಟಿಎಸ್ ಒಟ್ಟಿಗೇ ನೋಡೋಣ. ಭಾನುವಾರ ನಾನೂ ಮನೆಯಲ್ಲೇ ಇರುತ್ತೇನೆ, ಕಾಕಾನೂ ಬಿಡುವಾಗಿರುತ್ತಾರೆ.