ಸತ್ಯಾಂಶ: ಪಿಕಲ್‌ಬಾಲ್‌ಗೆ ಗೋಡೆ ಪ್ರಾಕ್ಟೀಸ್ ವೇಸ್ಟಾ?

"ಪಿಕಲ್‌ಬಾಲ್ ಗೇಮ್ ಆಡಿದ್ರೆ ಮಾತ್ರ ಬರುತ್ತೆ, ಗೋಡೆಗೆ ಹೊಡೆಯೋದು ಟೈಮ್ ವೇಸ್ಟ್" ಅಂತ ಒಂದು ಫಾರ್ವರ್ಡ್ ಓಡಾಡ್ತಿದೆ, ಅದು ನಿಜ ಅಲ್ಲ. (ಪಿಕಲ್‌ಬಾಲ್ ಅಂದ್ರೆ ಟೆನಿಸ್ ಥರ ನೆಟ್ ಕಟ್ಟಿ, ಪ್ಯಾಡಲ್‌ನಲ್ಲಿ ಪ್ಲಾಸ್ಟಿಕ್ ಬಾಲ್ ಹೊಡೆಯೋ ಆಟ.) ಗೇಮಲ್ಲಿ ಒಂದೇ ಶಾಟ್ ಮತ್ತೆ ಮತ್ತೆ ಸಿಗಲ್ಲ, ಡಿಂಕ್ (ನೆಟ್ ಹತ್ರ ನಿಂತು ಬಾಲನ್ನ ಮೆಲ್ಲಗೆ ಆಚೆ ದಾಟಿಸೋ ಶಾಟ್) ಮಾಡೋ ಚಾನ್ಸ್ ಬರೋ ಹೊತ್ತಿಗೆ ಯಾರೋ ಸ್ಮ್ಯಾಶ್ ಹೊಡೆದು ಪಾಯಿಂಟೇ ಮುಗಿಸಿರ್ತಾರೆ. ಗೋಡೆ ಮೇಲೆ 34 ಇಂಚಿಗೆ ಟೇಪ್ ಅಂಟಿಸಿ (ನೆಟ್ ಮಧ್ಯದಲ್ಲಿ ಅಷ್ಟೇ ಎತ್ತರ, ಸೈಡಲ್ಲಿ 36), 7 ಅಡಿ ಹಿಂದೆ, ಅಂದ್ರೆ ನೆಟ್‌ನಿಂದ ಕಿಚನ್ ಲೈನ್ (ನೆಟ್ ಪಕ್ಕದ, ಬಾಲ್ ಪುಟಿಯೋ ಮೊದಲೇ ಹೊಡೆಯೋ ಹಾಗಿಲ್ಲದ ಜಾಗದ ಗೆರೆ) ಇರೋಷ್ಟು ದೂರ ನಿಂತ್ಕೊಂಡು, ಹಿಡಿತ ಸಡಿಲ ಬಿಟ್ಟು, ಟೇಪ್‌ಗಿಂತ ಸ್ವಲ್ಪ ಮೇಲೆ ಮೆಲ್ಲಗೆ ಹೊಡೀತಾ ಇದ್ರೆ ಕೈಗೆ ಕಂಟ್ರೋಲ್ ಬರುತ್ತೆ. ಹಾಗಂತ ಗೋಡೆ ಲಾಬ್ (ತಲೆ ಮೇಲಿಂದ ಹಿಂದಕ್ಕೆ ಹೋಗೋ ಎತ್ತರದ ಶಾಟ್) ಹಾಕಲ್ಲ, ಡಬಲ್ಸಲ್ಲಿ ಮಧ್ಯದ ಬಾಲ್ ಯಾರದ್ದು ಅನ್ನೋ ಗಲಾಟೆನೂ ಅಲ್ಲಿರಲ್ಲ (ಎಷ್ಟೋ ಪಾಯಿಂಟ್ ಹೋಗೋದೇ ಅದರಲ್ಲಿ!), ಅದಕ್ಕೆ ಕೋರ್ಟೇ ಬೇಕು. ಥರ್ಡ್ ಶಾಟ್ ಡ್ರಾಪ್ (ಸರ್ವ್, ರಿಟರ್ನ್ ಆದ್ಮೇಲೆ ಮೂರನೇ ಶಾಟನ್ನ ಮೆಲ್ಲಗೆ ಎದುರಾಳಿ ಕಿಚನ್‌ಗೆ ಬೀಳಿಸೋದು) ಕೂಡ ಕೋರ್ಟಲ್ಲೇ ಕಲೀರಿ, ಬಾಲ್ ಎಲ್ಲಿ ಬೀಳುತ್ತೆ ಅಂತ ಗೋಡೆ ತೋರಿಸಲ್ಲ.