ಬೂದು ಮರಿಗಳನ್ನು ಪುಕ್ಕಟೆ ಕೊಟ್ಟುಬಿಡಬೇಡಿ

ಕಳೆದ ತಿಂಗಳು ಹಕ್ಕಿ ಸಾಕುವವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಸಂದೇಶ ಬಂತು. "ಜೀಬ್ರಾ ಫಿಂಚ್ ಮರಿಗಳು ನಾಲ್ಕಿವೆ. ಬಣ್ಣ ಬರಲಿಲ್ಲ, ಎಲ್ಲವೂ ಬೂದು. ಬೇಕಾದವರು ಪುಕ್ಕಟೆ ತೆಗೆದುಕೊಂಡು ಹೋಗಿ." ಜೀಬ್ರಾ ಫಿಂಚ್ ಎಂದರೆ ಪಂಜರದಲ್ಲಿ ಸಾಕುವ, ಗುಬ್ಬಚ್ಚಿಗಿಂತ ಚಿಕ್ಕದಾದ, ಕಾಳು ತಿನ್ನುವ ಹಕ್ಕಿ. ಜೊತೆಗೊಂದು ಫೋಟೊ. ಕೊಕ್ಕಿನ ಕಪ್ಪು ಇನ್ನೂ ಪೂರ್ತಿ ಮಾಸದ ನಾಲ್ಕು ಮರಿಗಳು ಒಂದಕ್ಕೊಂದು ಒತ್ತಿಕೊಂಡು ಕೋಲಿನ ಮೇಲೆ ಕುಳಿತಿದ್ದವು. ಕಳಿಸಿದ ಹುಡುಗನಿಗೆ ಕರೆ ಮಾಡಿ, ತಂದೆ ಯಾವುದು, ತಾಯಿ ಯಾವುದು ಎಂದು ಕೇಳಿದೆ.

"ಗಂಡು ಪೆಂಗ್ವಿನ್, ಹೆಣ್ಣು ಮಾಮೂಲಿ ಬೂದು ಅಕ್ಕಾ. ಒಂದಾದರೂ ಪೆಂಗ್ವಿನ್ ಬರುತ್ತದೆ ಎಂದು ಕಾದೆ. ಬಣ್ಣವಿಲ್ಲದ ಮರಿಗೆ ಕಾಳು ಹಾಕಿ ಏನು ಪ್ರಯೋಜನ?" ಎಂದ.

ಆ ಮಾತು ಮನಸ್ಸಿನಿಂದ ಹೋಗಲೇ ಇಲ್ಲ.

ಪೆಂಗ್ವಿನ್ ಎಂದರೆ ಗೊತ್ತಿಲ್ಲದವರಿಗೆ ಎರಡು ಮಾತು. ಮಾಮೂಲಿ ಗಂಡು ಜೀಬ್ರಾಕ್ಕೆ ಕೊರಳಿನಿಂದ ಎದೆಯವರೆಗೆ ಕಪ್ಪು ಗೆರೆಗಳಿರುತ್ತವೆ, ಆ ಹೆಸರು ಬಂದದ್ದೇ ಅವುಗಳಿಂದ. ಪೆಂಗ್ವಿನ್‌ನಲ್ಲಿ ಆ ಗೆರೆಗಳಿಲ್ಲ. ಗಂಟಲಿನಿಂದ ಹೊಟ್ಟೆಯವರೆಗೆ ತೊಳೆದಿಟ್ಟಂಥ ಬಿಳುಪು. ಈ ಗುಣ ಮೇಲೆ ಕಾಣಬೇಕಾದರೆ ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡು ಪಾಲು ಬರಬೇಕು. ಒಂದೇ ಪಾಲು ಬಂದರೆ ಮರಿ ಬೂದಾಗಿಯೇ ಇರುತ್ತದೆ, ಬಣ್ಣವನ್ನು ಒಳಗೆ ಹೊತ್ತಿರುತ್ತದೆ. ನಾವು ಸ್ಪ್ಲಿಟ್ ಎನ್ನುವುದು ಇಂಥವನ್ನೇ. ಪೆಂಗ್ವಿನ್ ತಂದೆಯಿಂದ ಪ್ರತಿ ಮರಿಗೂ ಒಂದು ಪಾಲು ಬಂದೇ ಬರುತ್ತದೆ. ಹಾಗಾಗಿ ಆ ಹುಡುಗ ಪುಕ್ಕಟೆ ಕೊಡಲು ಹೊರಟಿದ್ದ ನಾಲ್ಕೂ ಮರಿಗಳು ಸ್ಪ್ಲಿಟ್. ಅವನಿಗೆ ಬೇಕಿದ್ದ ಬಣ್ಣ ಅವುಗಳ ಒಳಗೇ ಇತ್ತು.

ಹನ್ನೊಂದು ವರ್ಷದಿಂದ ಮೈಸೂರಿನ ನಮ್ಮ ಮನೆಯ ತಾರಸಿಯ ಮೇಲೆ ಫಿಂಚ್ ಸಾಕುತ್ತಿದ್ದೇನೆ. ಬಣ್ಣದ ಹುಚ್ಚು ನನಗೂ ಇದೆ, ಅದನ್ನು ತಪ್ಪೆನ್ನುವುದಿಲ್ಲ. ಫಾನ್ ಎಂಬ ತಿಳಿಗಂದು ಬಣ್ಣದ ಜೀಬ್ರಾ ಹಕ್ಕಿಯ ಬೆನ್ನಿನ ಮೇಲೆ ಬೆಳಗಿನ ಬಿಸಿಲು ಬಿದ್ದಾಗ ಹಾಲು ಹೆಚ್ಚಾದ ಕಾಫಿಯ ಬಣ್ಣ ಮೂಡುತ್ತದಲ್ಲ, ಅದನ್ನು ನೋಡುತ್ತಾ ಎಷ್ಟೋ ದಿನ ಒಲೆಯ ಮೇಲಿಟ್ಟದ್ದನ್ನು ಮರೆತಿದ್ದೇನೆ. ನನ್ನ ತಕರಾರು ಒಂದೇ. ಅಪರೂಪದ ಬಣ್ಣವನ್ನು ಉಳಿಸಿಕೊಂಡು ಬರುವುದು ಬೂದು ಹಕ್ಕಿ. ನಾವು ಮೊದಲು ಕೈಬಿಡುವುದೂ ಅದನ್ನೇ.

ಜುಟ್ಟಿನ ಜೀಬ್ರಾದಿಂದ ನಾನು ಕಲಿತದ್ದನ್ನು ಹೇಳಲೇಬೇಕು. ನೆತ್ತಿಯ ಮೇಲೆ ಗರಿಗಳು ಸುಳಿಯಾಗಿ ಹರಡಿಕೊಂಡಿರುವ ಹಕ್ಕಿ ಅದು. ಈ ಗುಣ ಪ್ರಬಲ, ಒಂದೇ ಪಾಲು ಬಂದರೂ ಜುಟ್ಟು ಮೂಡುತ್ತದೆ. ಎರಡು ಪಾಲು ಬಂದ ಭ್ರೂಣ ಬದುಕುವುದಿಲ್ಲ. ಇದನ್ನು ತಿಳಿದುಕೊಳ್ಳುವ ಮೊದಲೇ, ಚೆನ್ನಾಗಿರುವ ಎರಡನ್ನು ಕೂಡಿಸಿದರೆ ಇನ್ನೂ ಚೆನ್ನಾದದ್ದು ಬರುತ್ತದೆ ಎಂದುಕೊಂಡು ಜುಟ್ಟಿನ ಗಂಡಿಗೆ ಜುಟ್ಟಿನ ಹೆಣ್ಣನ್ನೇ ಜೋಡಿ ಮಾಡಿದೆ. ಗೂಡಿಗೆಂದು ಕಟ್ಟಿದ್ದ ಮಡಕೆಯಲ್ಲಿ ಐದು ಮೊಟ್ಟೆ ಬಂದವು. ಆರನೆಯ ದಿನ ರಾತ್ರಿ ಒಂದೊಂದನ್ನೇ ಚಮಚದಲ್ಲಿ ಎತ್ತಿ ಮೊಬೈಲ್ ಟಾರ್ಚಿನ ಮುಂದೆ ಹಿಡಿದೆ. ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡ ಮೊಟ್ಟೆಯೊಳಗೆ ಕೆಂಪು ನೂಲಿನಂಥ ನರಗಳು ಹರಡಿದ್ದವು, ನಡುವೆ ಒಂದು ಚುಕ್ಕೆ ಮಿಡಿಯುತ್ತಿತ್ತು. ಐದರಲ್ಲೂ ಜೀವವಿತ್ತು. ನಾಲ್ಕು ದಿನ ಬಿಟ್ಟು ನೋಡಿದರೆ ಎರಡರಲ್ಲಿ ನರಗಳು ಕರಗಿ, ಸಿಪ್ಪೆಯ ಒಳಗೋಡೆಗೆ ಕಂದು ಉಂಗುರವೊಂದು ಅಂಟಿಕೊಂಡಿತ್ತು. ತಾಯಿ ಹಕ್ಕಿ ಅವುಗಳ ಮೇಲೂ ಕಾವು ಕೂತಿತ್ತು. ಮುಂದಿನ ಸಲವೂ ಹಾಗೆಯೇ ಆಯಿತು. ನಾನು ಕಾಳಿನಲ್ಲಿ ದೋಷ ಹುಡುಕಿದೆ, ಸುಣ್ಣದಂಶಕ್ಕೆ ಇಡುವ ಕಟಲ್ ಬೋನ್ ಬದಲಿಸಿದೆ, ನೀರನ್ನು ಕುದಿಸಿ ಆರಿಸಿ ಇಟ್ಟೆ. ದೋಷವಿದ್ದದ್ದು ನಾನು ಮಾಡಿದ ಜೋಡಿಯಲ್ಲಿ. ಜುಟ್ಟಿನ ಹಕ್ಕಿಗೆ ಜುಟ್ಟಿಲ್ಲದ ಸಾದಾ ಹಕ್ಕಿಯನ್ನೇ ಕೂಡಿಸಬೇಕು. ಆಗ ಅರ್ಧದಷ್ಟು ಮರಿಗಳಿಗೆ ಜುಟ್ಟು ಬರುತ್ತದೆ, ಎರಡು ಪಾಲು ಬಂದು ಮೊಟ್ಟೆಯಲ್ಲೇ ಸಾಯುವ ಮರಿ ಇರುವುದಿಲ್ಲ. ಕ್ಯಾನರಿ ಎಂಬ ಹಾಡುಹಕ್ಕಿಯನ್ನು ಸಾಕುವವರು ಈ ನಿಯಮವನ್ನು ಬಹಳ ಹಿಂದಿನಿಂದ ಪಾಲಿಸುತ್ತಿದ್ದಾರೆ.

ಮಾರುವವರೂ ಇದನ್ನೆಲ್ಲ ತಿಳಿದುಕೊಳ್ಳಬೇಕು. ಒಮ್ಮೆ ಒಂದು ಅಂಗಡಿಯಲ್ಲಿ ಬೂದು ಹೆಣ್ಣೊಂದನ್ನು ತೋರಿಸಿ, "ಇದು ಫಾನ್‌ಗೆ ಸ್ಪ್ಲಿಟ್ ಮೇಡಂ, ಅದಕ್ಕೇ ಬೆಲೆ ಜಾಸ್ತಿ" ಎಂದರು. ಅಂಥ ಹೆಣ್ಣು ಇರುವುದು ಸಾಧ್ಯವೇ ಇಲ್ಲ. ಫಾನ್ ಬಣ್ಣದ ವಂಶವಾಹಿ ಇರುವುದು ಜೆಡ್ ವರ್ಣತಂತುವಿನ ಮೇಲೆ. ಹಕ್ಕಿಗಳಲ್ಲಿ ಗಂಡಿಗೆ ಎರಡು ಜೆಡ್, ಹೆಣ್ಣಿಗೆ ಒಂದು ಜೆಡ್ ಮತ್ತು ಒಂದು ಡಬ್ಲ್ಯು. ಹೆಣ್ಣಿಗೆ ಇರುವ ಒಂದೇ ಜೆಡ್‌ನಲ್ಲಿ ಫಾನ್ ಇದ್ದರೆ ಅದು ಫಾನ್ ಆಗಿಯೇ ಕಾಣುತ್ತದೆ, ಬಚ್ಚಿಟ್ಟುಕೊಳ್ಳಲು ಜಾಗವಿಲ್ಲ. ಫಾನ್‌ಗೆ ಸ್ಪ್ಲಿಟ್ ಆಗುವುದು ಗಂಡು ಮಾತ್ರ. ಹೊಸದಾಗಿ ಹಕ್ಕಿ ಕೊಳ್ಳುವವರು ಇದೊಂದನ್ನು ನೆನಪಿಟ್ಟುಕೊಂಡರೆ ಎಷ್ಟೋ ಹಣ ಉಳಿಯುತ್ತದೆ.

ಇದಕ್ಕಿಂತ ಹೆಚ್ಚು ನೋವು ಕೊಡುವುದು ಅಣ್ಣ ತಂಗಿಯನ್ನು ಕೂಡಿಸುವ ರೂಢಿ. ಅಪರೂಪದ ಬಣ್ಣದ ಒಂದು ಜೋಡಿ ಸಿಕ್ಕಿತು ಎಂದರೆ ಅದರ ಮರಿಗಳನ್ನೇ ಮತ್ತೆ ಜೋಡಿ ಮಾಡಿ, ಅವುಗಳ ಮರಿಗಳನ್ನು ಮತ್ತೆ ಜೋಡಿ ಮಾಡಿ, ಮೂರನೆಯ ತಲೆಮಾರಿಗೆ ಬರುವಷ್ಟರಲ್ಲಿ ಮರಿಗಳು ಮಾಮೂಲಿ ಮರಿಗಿಂತ ಚಿಕ್ಕವಾಗಿ, ಬಾಯಿ ತೆರೆಯುವ ಶಕ್ತಿಯೂ ಇಲ್ಲದೆ ಗೂಡಿನಲ್ಲೇ ಉಳಿದುಬಿಡುತ್ತವೆ. ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು 2012ರಲ್ಲಿ ಪ್ರಕಟಿಸಿದ ಅಧ್ಯಯನವೂ ಜೀಬ್ರಾ ಫಿಂಚ್‌ಗಳದ್ದೇ. ಒಡಹುಟ್ಟಿದವುಗಳ ಜೋಡಿಯಿಂದ ಬಂದ ಸಂತಾನದಲ್ಲಿ ಎಳವೆಯ ಸಾವು ಹೆಚ್ಚು ಎಂದು ಅವರು ತೋರಿಸಿದರು. ಸಂಬಂಧವಿಲ್ಲದ ಮನೆಯ ಒಂದು ಗಟ್ಟಿ ಬೂದು ಹಕ್ಕಿಯನ್ನು ತಂದು, ಒಂದು ತಲೆಮಾರು ಬಣ್ಣ ಕಾಣದಿದ್ದರೂ ಕಾದರೆ, ಮುಂದಿನ ತಲೆಮಾರಿನಲ್ಲಿ ಬಣ್ಣವೂ ಬರುತ್ತದೆ, ಮೈಯೂ ಬರುತ್ತದೆ. ಜೀಬ್ರಾ ಫಿಂಚ್ ಮೂರು ತಿಂಗಳಿಗೇ ಪ್ರಾಯಕ್ಕೆ ಬರುವ ಹಕ್ಕಿ. ನಾನಂತೂ ಆರು ತಿಂಗಳು ತುಂಬುವ ಮೊದಲು ಮಡಕೆ ಕಟ್ಟುವುದಿಲ್ಲ. ಅಷ್ಟು ಕಾಯುವ ತಾಳ್ಮೆ ನಮಗೆ ಇರಬೇಕು.

ತಾಳ್ಮೆ ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ದೊಡ್ಡ ಉದಾಹರಣೆ ಕೆಂಪು ಕ್ಯಾನರಿಯದು. 1920ರ ದಶಕದಲ್ಲಿ ಜರ್ಮನಿಯ ಬ್ರೆಮೆನ್ ನಗರದ ಹಾನ್ಸ್ ಡಂಕರ್ ಎಂಬ ಶಿಕ್ಷಕ, ಹಳದಿ ಕ್ಯಾನರಿಯನ್ನು ಕೆಂಪು ಮಾಡಲು ಹೊರಟರು. ದಕ್ಷಿಣ ಅಮೆರಿಕದ ಕೆಂಪು ಸಿಸ್ಕಿನ್ ಎಂಬ ಪುಟ್ಟ ಫಿಂಚ್ ಜೊತೆ ಕ್ಯಾನರಿಯನ್ನು ಕೂಡಿಸಿದರು. ಮಿಶ್ರ ಮರಿಗಳಲ್ಲಿ ಗಂಡುಗಳಿಂದ ವಂಶ ಮುಂದುವರಿಯಿತು, ಆದರೆ ಬಂದದ್ದು ತಾಮ್ರದ ಬಣ್ಣ, ಕಿತ್ತಳೆ ಬಣ್ಣ. ವಂಶದ ಜೊತೆಗೆ ಆಹಾರವೂ ಕೂಡಿ ಬರಬೇಕು, ಕ್ಯಾರೊಟಿನಾಯ್ಡ್ (ಕ್ಯಾರೆಟ್‌ನಲ್ಲಿರುವಂಥ ಬಣ್ಣದ ಅಂಶ) ಇರುವ ತಿನಿಸು ಇಲ್ಲದೆ ಕೆಂಪು ಪೂರ್ತಿ ಏರುವುದಿಲ್ಲ ಎಂಬುದು ಆಮೇಲೆ ತಿಳಿಯಿತು. ಅಷ್ಟರಲ್ಲಿ ಕೆಂಪು ಕ್ಯಾನರಿಯ ಆಸೆ ಎಲ್ಲೆಡೆ ಹಬ್ಬಿತ್ತು. ವೆನೆಜುವೆಲಾದ ಕಾಡುಗಳಲ್ಲಿ ಸಿಸ್ಕಿನ್ ಹಕ್ಕಿಗಳನ್ನು ಬಲೆ ಹಾಕಿ ಹಿಡಿದು ಹಿಡಿದು, ಇಂದು ಅದು ಅಳಿವಿನಂಚಿನ ಪಟ್ಟಿಯಲ್ಲಿದೆ. 2000ರಲ್ಲಿ ಗಯಾನಾದಲ್ಲಿ ಅದರ ಒಂದು ಗುಂಪು ಸಿಕ್ಕಾಗ ಪಕ್ಷಿಶಾಸ್ತ್ರಜ್ಞರಿಗೆ ಆದ ಸಂತೋಷ ಎಷ್ಟಿರಬೇಕು!

ಇದೇ ಕಥೆಗೆ ಸಮಾಧಾನದ ಇನ್ನೊಂದು ತುದಿಯೂ ಇದೆ. ಕೆಂಪು ಕೊಕ್ಕಿನ ಬದಲು ಹಳದಿ ಕೊಕ್ಕು ಇರುವ ಜೀಬ್ರಾ ಫಿಂಚ್ ಒಂದು ಮ್ಯುಟೇಷನ್, ಅಂದರೆ ವಂಶವಾಹಿಯ ಬದಲಾವಣೆಯಿಂದ ಬಂದದ್ದು. ಪಂಜರಗಳಲ್ಲಿ ಉಳಿದುಬಂದ ಈ ಹಕ್ಕಿಗಳನ್ನು ಒಂದು ತಂಡ, ಕೆಂಪು ಕ್ಯಾನರಿಗಳನ್ನು ಇನ್ನೊಂದು ತಂಡ ಪರಿಶೀಲಿಸಿ, ಹಕ್ಕಿ ತಿಂದ ಹಳದಿಯನ್ನು ಕೆಂಪಾಗಿ ಮಾರ್ಪಡಿಸುವ ವಂಶವಾಹಿಯನ್ನು 2016ರಲ್ಲಿ ಗುರುತಿಸಿದವು. ಸಾಕುವವರು ಉಳಿಸಿಕೊಂಡ ಹಕ್ಕಿ ಮುಂದೆ ಹೀಗೆ ಯಾರಿಗಾದರೂ ನೆರವಾದೀತು. ಯಾವ ಹಕ್ಕಿ ಯಾರ ಮಗ, ಯಾರ ಮೊಮ್ಮಗಳು ಎಂದು ಬರೆದಿಡುವುದಕ್ಕೆ ನಾನು ಇಷ್ಟು ಬೆಲೆ ಕೊಡುವುದು ಇದಕ್ಕೇ. ನನ್ನಲ್ಲಿರುವುದು ನೂರು ಪುಟದ ನೋಟ್‌ಬುಕ್ ಮತ್ತು ಕಾಲಿನ ಉಂಗುರಗಳು, ಅಷ್ಟೇ.

ನಮ್ಮೂರಿನ ಮಾತನ್ನೂ ಹೇಳಿಬಿಡುತ್ತೇನೆ. ರಸ್ತೆ ಬದಿಯಲ್ಲಿ ಹಸಿರು, ಗುಲಾಬಿ ಬಣ್ಣದ "ಫಾರಿನ್ ಫಿಂಚ್" ಎಂದು ಮಾರುವ ಹಕ್ಕಿಗಳಲ್ಲಿ ಎಷ್ಟೋ ನಮ್ಮ ಹೊಲಗದ್ದೆಗಳ ರಾಟವಾಳಗಳು, ಬಣ್ಣದ ನೀರಿನಲ್ಲಿ ಅದ್ದಿದವು. ಅವುಗಳನ್ನು ಹಿಡಿಯುವುದು, ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಕರುಣೆಯಿಂದಲೂ ಕೊಳ್ಳಬೇಡಿ, ನೀವು ಒಂದನ್ನು ಕೊಂಡರೆ ಇನ್ನೊಂದನ್ನು ಹಿಡಿದು ತರುತ್ತಾರೆ. ಅರಣ್ಯ ಇಲಾಖೆಗೆ ತಿಳಿಸಿ.

ಆ ಹುಡುಗನ ಮನೆಗೆ ಹೋಗಿದ್ದೆ. ಕಾಗದದ ಮೇಲೆ ಚೌಕ ಗೀಚಿ, ಯಾವ ಮರಿಗೆ ಎಷ್ಟು ಪಾಲು ಬರುತ್ತದೆ ಎಂಬ ಲೆಕ್ಕ ತೋರಿಸಿದೆ. ಸುಮ್ಮನೆ ಕೇಳಿದ, ಮತ್ತೊಮ್ಮೆ ತಾನೇ ಗೀಚಿ ನೋಡಿದ, ಆಮೇಲೆ ಗುಂಪಿನಲ್ಲಿದ್ದ ಸಂದೇಶವನ್ನು ಅಳಿಸಿದ. "ಹಾಗಾದರೆ ಇವುಗಳಲ್ಲೇ ಒಂದು ಜೋಡಿ ಮಾಡಲಾ ಅಕ್ಕಾ?" ಎಂದು ಕೇಳಿದ. ಬೇಡ, ಇವು ಒಂದೇ ತಾಯಿಯ ಮಕ್ಕಳು ಎಂದೆ. ನನ್ನ ತಾರಸಿಯಲ್ಲಿ ಬೇರೆಯೇ ವಂಶದ ಪೆಂಗ್ವಿನ್ ಹೆಣ್ಣೊಂದಿದೆ, ಬಿಳಿ ಕೆನ್ನೆಯದು. ಬೂದು ಮರಿಗಳಲ್ಲಿ ಚುರುಕಾದ ಗಂಡೊಂದನ್ನು ದೊಡ್ಡದಾಗುವವರೆಗೆ ಅವನೇ ಸಾಕಿ ಕೊಡುತ್ತಾನೆ. ಬರುವ ಮರಿಗಳಲ್ಲಿ ಅರ್ಧ ಅವನಿಗೆ, ಅರ್ಧ ನನಗೆ. ಮೊನ್ನೆ ಭಾನುವಾರ ಅವನು ಕಳಿಸಿದ ಫೋಟೊದಲ್ಲಿ ಆ ಗಂಡಿನ ಕೆನ್ನೆಯ ಮೇಲೆ ಸಾಸಿವೆ ಕಾಳಿನಷ್ಟು ಕಿತ್ತಳೆ ಬಣ್ಣ ಮೂಡಿತ್ತು. ಕೆಳಗೆ ಅವನೇ ಬರೆದಿದ್ದ: "ಉಂಗುರದ ಸಂಖ್ಯೆ 7. ತಂದೆ ಪೆಂಗ್ವಿನ್, ತಾಯಿ ಬೂದು. ಇವತ್ತು ನವಣೆ ಬಿಟ್ಟು ಸೊಪ್ಪನ್ನೇ ಹೆಚ್ಚು ತಿಂದ."